ಅಡಿಗೆಮನೆ ಬಾಗಿಲ ಹಿಂದಿನ ಪಟ್ಟಿ

ಹೋದ ವಾರ ದೊಡ್ಡ ಮೊಮ್ಮಗಳು ಬಂದಿದ್ದಳು. ಅವಳು ಈಗ ಐದು ತಿಂಗಳ ಬಸುರಿ. ಏನೇನು ತಿನ್ನಬಾರದು, ಏನು ಕುಡಿಯಬಾರದು ಎಂದು ಡಾಕ್ಟರು ಒಂದು ಹಾಳೆ ಕೊಟ್ಟಿದ್ದಾರಂತೆ, ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾಳಂತೆ. ನಿಮ್ಮ ಕಾಲದಲ್ಲಿ ಏನು ಬೇಡ ಅಂತಿದ್ದರು ಅಜ್ಜಿ ಎಂದು ಎಲ್ಲರ ಮುಂದೆ ಕೇಳಿದಳು. ನಾಲ್ಕು ಜನ ಕೂತಿರುವಾಗ ಇಂಥ ಮಾತು ಆಡಿ ನನಗೆ ಅಭ್ಯಾಸವಿಲ್ಲ. ಪರಂಗಿ ಹಣ್ಣು ಬೇಡ ಅಂತಿದ್ದರು ಕಣಮ್ಮ ಎಂದಷ್ಟೇ ಹೇಳಿ, ಹಾಲು ಉಕ್ಕುತ್ತೆ ಅನ್ನುವ ನೆಪ ಮಾಡಿ ಒಳಗೆ ಹೋದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ಬರೆಯುವಾಗ ಅಷ್ಟು ನಾಚಿಕೆಯಾಗುವುದಿಲ್ಲ. ನೀವು ಓದುವಾಗ ನಾನು ಎದುರಿಗೆ ಇರಬೇಕಾಗಿಲ್ಲವಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರು ದೇವನಹಳ್ಳಿ ಕಡೆ, ಕೊಟ್ಟಿದ್ದು ನಂದಗುಡಿ ಹತ್ತಿರದ ಈ ಊರಿಗೆ. ಎಪ್ಪತ್ತರ ದಶಕದ ಶುರುವಿನ ಮಾತು. ಮನೆಯಲ್ಲಿ ಮೂರೇ ಜನ: ಅತ್ತೆ, ನಿಮ್ಮ ತಾತ, ನಾನು. ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅತ್ತೆ ಎತ್ತರದ ಹೆಂಗಸು. ಹೊಲದಲ್ಲಿ ಗಂಡಾಳಿನ ಸಮ ಕೆಲಸ ಮಾಡುತ್ತಿದ್ದರು. ಓದು ಬರಹ ಬರುತ್ತಿರಲಿಲ್ಲ. ನಾನು ಊರ ಸ್ಕೂಲಿನಲ್ಲಿ ಏಳನೇ ಕ್ಲಾಸಿನ ತನಕ ಓದಿದ್ದೆ. ಅದು ಅವರಿಗೆ ದೊಡ್ಡ ಹೆಮ್ಮೆ. ಬಾವಿಯ ಹತ್ತಿರ ನೀರು ಸೇದುವಾಗ, ನಮ್ಮ ಹುಡುಗಿ ಕಾಗದ ಓದ್ತಾಳೆ ಎಂದು ಯಾರೂ ಕೇಳದೆಯೇ ಹೇಳುತ್ತಿದ್ದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಂದಿಗೆ ಎತ್ತಿಕೊಂಡು ಓಡುತ್ತಿದ್ದೆ.

ಮದುವೆಯಾದ ಎರಡನೇ ವರ್ಷ ಒಂದು ಸಲ ನಿಂತು, ಮೂರನೇ ತಿಂಗಳಿಗೇ ಹೋಯಿತು. ಏನೋ ತಿನ್ನಬಾರದ್ದು ತಿಂದಿರಬೇಕು ಎಂದು ಊರಿನವರು ಅಂದರು. ನಾನೇನೂ ತಿಂದಿರಲಿಲ್ಲ. ಆದರೆ ಹಾಗೆಂದು ಹೇಳುವ ಬಾಯಿ ನನಗೆ ದೇವರು ಕೊಟ್ಟಿರಲಿಲ್ಲ. ಅತ್ತೆ ಮಾತ್ರ ಒಂದು ಮಾತೂ ಆಡಲಿಲ್ಲ. ಆ ವರ್ಷ ಘಾಟಿಯ ದೇವಸ್ಥಾನಕ್ಕೆ ಹೋಗಿ ಹರಕೆ ಕಟ್ಟಿಕೊಂಡು ಬಂದರು. ಮುಂದಿನ ವರ್ಷ ಮತ್ತೆ ನಿಂತಿತು. ಈ ಸಲದ್ದು ಉಳಿಯಬೇಕು. ನಮ್ಮ ಮೂವರಿಗೂ ಹಗಲೂ ರಾತ್ರಿ ಅದೊಂದೇ ಯೋಚನೆ. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ಹೊರಗಿನವರು ಮಾತ್ರ ಬಾಯಿಬಿಟ್ಟು ಹೇಳುತ್ತಿದ್ದರು. ವಿಷಯ ಗೊತ್ತಾದ ದಿನದಿಂದ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಜಗುಲಿಯ ಮೇಲೆ ಕೂತು, ಎಲೆಅಡಿಕೆ ಹಾಕಿಕೊಂಡು, ಹೋಗುವಾಗ ಒಂದೊಂದು ಬೇಡ ಹೇಳಿ ಹೋಗುತ್ತಿದ್ದರು. ಅತ್ತೆಗೆ ಎಲ್ಲವನ್ನೂ ನೆನಪಿಟ್ಟುಕೊಳ್ಳುವುದು ಕಷ್ಟವಾಯಿತು. ಒಂದು ದಿನ ಒಲೆಯಿಂದ ಆರಿದ ಇದ್ದಿಲು ತಂದು ನನ್ನ ಕೈಗೆ ಕೊಟ್ಟು, ಅಡಿಗೆಮನೆ ಬಾಗಿಲ ಹಿಂದಿನ ಸುಣ್ಣದ ಗೋಡೆ ತೋರಿಸಿದರು.

‘ಓದಿರೋಳಲ್ವಾ, ಬರಿ. ಮರೆತುಹೋದ್ರೆ ಯಾರು ಜವಾಬ್ದಾರಿ?’

ಬರೆದೆ. ಪರಂಗಿ ಹಣ್ಣು, ಉಷ್ಣ. ಎಳ್ಳು, ಉಷ್ಣ. ಹುರುಳಿ, ಉಷ್ಣ. ಹಲಸಿನ ಹಣ್ಣು, ಹೊಟ್ಟೆ ಉಬ್ಬರ. ಬದನೆಕಾಯಿ ತಿಂದರೆ ಮಗುವಿಗೆ ನವೆ. ಅವರೆಕಾಯಿ ವಾಯು. ನೇರಳೆ ಹಣ್ಣು ತಿಂದರೆ ಮಗು ಕಪ್ಪು. ಕಾಫಿ ಕುಡಿದರೂ ಕಪ್ಪು. ಅಂಟಿಕೊಂಡ ಜೋಡಿ ಬಾಳೆಹಣ್ಣು ತಿಂದರೆ ಅವಳಿ. ಎಳನೀರು ಶೀತ, ಮೊಸರು ಶೀತ. ಕುಂಬಳಕಾಯಿ ತಿನ್ನುವುದಿರಲಿ, ಹೆಚ್ಚುವುದನ್ನು ನೋಡಲೂ ಬಾರದು. ಮುದ್ದೆ ಒಂದು ಹೊತ್ತಿಗೆ ಅರ್ಧ ಸಾಕು, ಹೆಚ್ಚು ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟ.

ಅತ್ತೆಗೆ ಅಕ್ಷರ ಬರದಿದ್ದರೂ ಯಾವ ಸಾಲಿನಲ್ಲಿ ಏನಿದೆ ಎಂದು ಚೆನ್ನಾಗಿ ಗೊತ್ತಿತ್ತು. ಸಾರು ಕುದಿಯುತ್ತಿರುವಾಗ ಸೌಟು ಎತ್ತಿ ಗೋಡೆ ತೋರಿಸಿ, ಮೇಲಿಂದ ಆರನೇದು ಏನೇ ಎಂದು ಕೇಳುತ್ತಿದ್ದರು. ನಾನು ಅವರೆಕಾಯಿ ಅನ್ನುತ್ತಿದ್ದೆ. ಸರಿ ಎಂದು ತಲೆಯಾಡಿಸುತ್ತಿದ್ದರು. ಸ್ಕೂಲಿನ ಮೇಷ್ಟರೂ ನನ್ನನ್ನು ಅಷ್ಟು ಪರೀಕ್ಷೆ ಮಾಡಿರಲಿಲ್ಲ. ಅದೂ ಎಂಥ ಕಾಲ, ಸೊಗಡಿನ ಅವರೆಯ ಕಾಲ. ಊರಿನ ಎಲ್ಲರ ಮನೆಯಲ್ಲೂ ಹಿದುಕಿದ ಬೇಳೆ ಸಾರು ಘಮಘಮ ಅನ್ನುತ್ತಿತ್ತು. ಕಾಯಿ ಬಿಡಿಸಿ, ನೆನೆಸಿ, ಹಿದುಕಿ ಕೊಡುತ್ತಿದ್ದವಳು ನಾನೇ. ತಿನ್ನುತ್ತಿದ್ದವರು ಉಳಿದವರು. ನನಗೆ ಮೆಂತ್ಯದ ನೀರುಸಾರು, ಅನ್ನ, ಅರ್ಧ ಮುದ್ದೆ.

ಒಂದು ದಿನ ನಿಮ್ಮ ತಾತ ನೀರು ಕುಡಿಯಲು ಒಳಗೆ ಬಂದವರು ಬಾಗಿಲು ಸರಿಸಿ ಗೋಡೆಯನ್ನು ಮೇಲಿನಿಂದ ಕೆಳಗಿನ ತನಕ ಓದಿದರು. ನಾನು ಒಲೆಯ ಕಡೆ ತಿರುಗಿ ನಿಂತಿದ್ದೆ.

‘ಅಮ್ಮ, ಇದರಲ್ಲಿ ಇಲ್ಲದೇ ಇರೋದು ನೀರೊಂದೇ.’

‘ನೀರೂ ನಿಂತ್ಕೊಂಡು ಕುಡೀಬಾರ್ದು ಕಣೋ. ನೆನಪು ಮಾಡಿದ್ದು ಒಳ್ಳೇದಾಯ್ತು. ಬರಿಯೇ ಹುಡುಗಿ.’

ಅದನ್ನೂ ಬರೆದೆ. ನಿಮ್ಮ ತಾತ ನಿಂತುಕೊಂಡೇ ಒಂದು ಚೊಂಬು ನೀರು ಕುಡಿದು ನಗುತ್ತಾ ಹೋದರು.

ಆ ಪಟ್ಟಿಯಲ್ಲಿ ನನಗೆ ನಿಜವಾಗಿ ಸಂಕಟ ಕೊಟ್ಟಿದ್ದು ಚಕ್ಕೋತ. ನಮ್ಮ ತವರಿನ ಹಿತ್ತಲಲ್ಲಿ ಚಕ್ಕೋತದ ಮರವಿತ್ತು. ದೇವನಹಳ್ಳಿ ಕಡೆಯ ಚಕ್ಕೋತ ತಿಂದವರಿಗೆ ಬೇರೆ ಹಣ್ಣು ರುಚಿಸುವುದಿಲ್ಲ. ಮಗಳು ಬಸುರಿ ಎಂದು ಕೇಳಿ ಅಪ್ಪ ನಾಲ್ಕು ದೊಡ್ಡ ಹಣ್ಣುಗಳನ್ನು ಟವಲಿನಲ್ಲಿ ಕಟ್ಟಿ, ಹೆಗಲ ಮೇಲೆ ಹಾಕಿಕೊಂಡು, ಎರಡು ಬಸ್ಸು ಬದಲಾಯಿಸಿ ತಂದರು. ಅತ್ತೆ ಅಪ್ಪನಿಗೆ ಊಟ ಹಾಕಿ ಮರ್ಯಾದೆಯಿಂದ ಕಳಿಸಿದರು. ಆಮೇಲೆ ಚಕ್ಕೋತ ಶೀತ ಕಣೇ ಎಂದು ನಾಲ್ಕನ್ನೂ ಏಣಿ ಹತ್ತಿ ಅಟ್ಟದ ಮೇಲೆ ಇಟ್ಟರು. ಹದಿನಾಲ್ಕನೇ ಸಾಲು. ಅಟ್ಟದಿಂದ ಅದರ ವಾಸನೆ ಬರುತ್ತಿತ್ತು. ನಾನು ಮಲಗುತ್ತಿದ್ದ ಜಾಗದ ನೇರ ಮೇಲೆ.

ಇಷ್ಟೆಲ್ಲ ಬೇಡ ಅಂದ ಅತ್ತೆ ಕೆಟ್ಟವರು ಎಂದುಕೊಳ್ಳಬೇಡಿ. ನನ್ನ ಕೈಯಿಂದ ಬಿಂದಿಗೆ ಕಿತ್ತುಕೊಂಡು ತಾವೇ ನೀರು ಹೊರುತ್ತಿದ್ದರು. ಬೆಳಿಗ್ಗೆ ಎದ್ದ ಕೂಡಲೆ ನನಗೆ ಓಕರಿಕೆ. ಆಗ ಹಿತ್ತಲಲ್ಲಿ ಬೆನ್ನು ಸವರುತ್ತಾ ನಿಲ್ಲುತ್ತಿದ್ದರು. ಆಮೇಲೆ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಎಳೆಯ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಒಂದು ಪುಟ್ಟ ಹಿತ್ತಾಳೆ ಡಬ್ಬಿಯಿಂದ ಚಿಟಿಕೆ ಕಡ್ಡಿಪುಡಿ ಹಾಕಿ, ಮಡಿಸಿ ನನ್ನ ಬಾಯಿಗೆ ಇಡುತ್ತಿದ್ದರು.

ಕಡ್ಡಿಪುಡಿ ಏನೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಹೊಗೆಸೊಪ್ಪಿನ ಕಡ್ಡಿಯನ್ನು ಪುಡಿ ಮಾಡಿದ್ದು. ಆಗ ನಮ್ಮ ಕಡೆ ಅದನ್ನು ಹಾಕದ ಹೆಂಗಸು ಅಪರೂಪ. ಮೊಟ್ಟಮೊದಲು ಹಾಕಿದ ದಿನ ತಲೆ ತಿರುಗಿತ್ತು. ನಾಲ್ಕನೇ ದಿನಕ್ಕೆ ಹಿತವಾಗಿತ್ತು. ಓಕರಿಕೆ ನಿಲ್ಲುತ್ತಿತ್ತು, ಹಸಿವೂ ಕಾಣುತ್ತಿರಲಿಲ್ಲ. ದಿನಕ್ಕೆ ಒಂದು ಸಲ ಇದ್ದದ್ದು ನಾಲ್ಕು ಸಲವಾಯಿತು. ಊಟವಾದ ಮೇಲೆ ಅತ್ತೆ ಸೊಸೆ ಹಿತ್ತಲ ಕಲ್ಲಿನ ಮೇಲೆ ಕೂತು ಮಾತಿಲ್ಲದೆ ಅಗಿಯುತ್ತಿದ್ದೆವು. ನನ್ನಂಥ ಬಾಯಿಲ್ಲದವಳಿಗೆ ಅತ್ತೆಯ ಜೊತೆ ಅಷ್ಟು ಹತ್ತಿರ ಕೂರುವುದಕ್ಕೆ ಬೇರೆ ದಾರಿ ಇರಲಿಲ್ಲ. ನಿಮ್ಮ ಅಜ್ಜಿ ಕಡ್ಡಿಪುಡಿ ಹಾಕುತ್ತಿದ್ದಳು ಎಂದು ನಗಬೇಡಿ.

ನನಗೆ ನಾಲ್ಕು ತಿಂಗಳು ತುಂಬಿದಾಗ ನರ್ಸಮ್ಮ ಬಂದರು. ಆಸ್ಪತ್ರೆಯಿಂದ ತಿಂಗಳಿಗೊಂದು ಸಲ ಹಳ್ಳಿಗಳಿಗೆ ಬರುವವರು. ಬಿಳಿ ಸೀರೆ, ಕೈಯಲ್ಲಿ ಕೊಡೆ, ಚರ್ಮದ ಚೀಲ. ಹೊಟ್ಟೆ ಮುಟ್ಟಿ ನೋಡಿದರು. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ, ರಕ್ತವೇ ಇಲ್ಲವಲ್ಲ, ಏನು ತಿಂತೀಯಮ್ಮ ಎಂದು ಕೇಳಿದರು. ನನ್ನ ಬದಲು ಅತ್ತೆ ಉತ್ತರ ಕೊಟ್ಟರು. ನಮ್ಮ ಹುಡುಗಿ ಕೆಟ್ಟದ್ದು ಏನೂ ಮುಟ್ಟುವುದಿಲ್ಲ, ಬೇಕಾದರೆ ನೋಡಿ ಎಂದು ನರ್ಸಮ್ಮನನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಸರಿಸಿದರು. ಸೊಸೆಯ ಅಕ್ಷರ ತೋರಿಸುವ ಹೆಮ್ಮೆಯೂ ಇತ್ತು.

ನರ್ಸಮ್ಮ ಕನ್ನಡಕ ಹಾಕಿಕೊಂಡು ಓದಿದರು. ಅರ್ಧಕ್ಕೆ ಬರುವಾಗ ತುಟಿ ಕಚ್ಚಿಕೊಂಡರು. ನಿಂತು ನೀರು ಕುಡಿಯಬಾರದು ಅನ್ನುವಲ್ಲಿಗೆ ಬಂದಾಗ ನಕ್ಕೇಬಿಟ್ಟರು. ಅಕ್ಷರ ಚೆನ್ನಾಗಿದೆ ಎಂದರು. ಆಮೇಲೆ ನನ್ನ ಕಡೆ ತಿರುಗಿದವರು ನಗು ನಿಲ್ಲಿಸಿ, ಬಾಯಿ ಯಾಕೆ ಇಷ್ಟು ಕೆಂಪಗಿದೆ ಎಂದು ಕೇಳಿದರು.

ಅತ್ತೆ ಸಂತೋಷದಿಂದಲೇ ಹೇಳಿದರು. ಓಕರಿಕೆಗೆ ನಾನೇ ಹಾಕಿಕೊಡುತ್ತೇನೆ, ಒಂದು ಚಿಟಿಕೆ ಕಡ್ಡಿಪುಡಿ ಬಿದ್ದರೆ ಹುಡುಗಿ ಸಂಜೆ ತನಕ ಹಸಿವು ಅನ್ನುವುದಿಲ್ಲ ಎಂದರು.

ನರ್ಸಮ್ಮ ಮತ್ತೆ ಗೋಡೆ ನೋಡಿದರು.

‘ಇಷ್ಟೆಲ್ಲ ಬರ್ಸಿದೀರ. ಬರೀಬೇಕಾದ್ದೇ ಬರ್ಸಿಲ್ವಲ್ಲಮ್ಮ.’

ಆಮೇಲೆ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತು ನಿಧಾನವಾಗಿ ವಿವರಿಸಿದರು. ಹೊಗೆಸೊಪ್ಪು ಯಾವ ರೂಪದಲ್ಲಿ ಹೋದರೂ ತಾಯಿಯ ರಕ್ತಕ್ಕೆ ಸೇರುತ್ತೆ, ಅಲ್ಲಿಂದ ಮಗುವಿಗೆ. ಮಗು ಸರಿಯಾಗಿ ಬೆಳೆಯುವುದಿಲ್ಲ, ಕೆಲವು ಸಲ ಉಳಿಯುವುದೂ ಇಲ್ಲ. ಸಾರಾಯಿ ಹೇಗೆ ಬೇಡವೋ ಇದೂ ಹಾಗೇ ಬೇಡ. ಹಸಿಹಾಲು ಕುಡಿಯಬಾರದು, ಚೆನ್ನಾಗಿ ಕಾಯಿಸಿ ಕುಡಿಯಬೇಕು. ತೋಟದ ದ್ರಾಕ್ಷಿಗೆ ಮೈಲುತುತ್ತ ಹೊಡೆದಿರುತ್ತಾರೆ, ತೊಳೆಯದೆ ಬಾಯಿಗೆ ಹಾಕಬಾರದು. ಪರಂಗಿ ಕಾಯಿ ಬೇಡ. ಕಾಫಿ ದಿನಕ್ಕೆ ಒಂದು ಲೋಟ ಕುಡಿದರೆ ಮಗು ಕಪ್ಪಾಗುವುದಿಲ್ಲ, ಆದರೆ ಅದಕ್ಕಿಂತ ಹೆಚ್ಚು ಬೇಡ. ಉಳಿದದ್ದನ್ನೆಲ್ಲ ತಿನ್ನಲಿ. ಮುದ್ದೆ ತಿನ್ನಲಿ, ಸೊಪ್ಪು ತಿನ್ನಲಿ, ಅವರೆಬೇಳೆ ತಿನ್ನಲಿ, ಹಣ್ಣು ತಿನ್ನಲಿ. ಹಸಿದುಕೊಂಡು ಯಾರೂ ಮಗು ಹೆರಲಾರರು.

ಅತ್ತೆಯ ಕಿವಿಗೆ ಆ ಉದ್ದದ ಮಾತು ಯಾವುದೂ ಬಿದ್ದಂತೆ ಕಾಣಲಿಲ್ಲ. ಸೊಂಟದ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದರು.

‘ಹೋದ ಸಲಾನೂ ನಾನೇ ಹಾಕ್ಕೊಟ್ಟಿದ್ದೆ. ಹಂಗಾದ್ರೆ ಅದು ನನ್ನಿಂದಾನೇ ಹೋಯ್ತಾ ನರ್ಸಮ್ಮ?’

‘ಅದು ಯಾಕೆ ಹೋಯ್ತು ಅಂತ ಯಾರಿಗೂ ಹೇಳೋಕಾಗಲ್ಲಮ್ಮ. ನನಗೂ ಗೊತ್ತಿಲ್ಲ. ನೂರು ಕಾರಣ ಇರ್ತವೆ. ಈ ಸಲದ್ದು ನಮ್ಮ ಕೈಲಿದೆ, ಇದನ್ನ ನೋಡೋಣ.’

ಆ ಗಳಿಗೆಯಲ್ಲಿ ನಾನು ಏನಾದರೂ ಹೇಳಬೇಕಾಗಿತ್ತು. ನಿಮ್ಮ ತಪ್ಪಲ್ಲ ಅತ್ತೆ ಎಂದು ಅಷ್ಟೇ. ಬಚ್ಚಲಿಗೆ ಹೋಗಿ ಬಾಯಲ್ಲಿದ್ದದ್ದನ್ನು ಉಗಿದು, ಮೂರು ಸಲ ಮುಕ್ಕಳಿಸಿ ಬಂದೆ. ಅದೇ ನನ್ನ ಮಾತು.

ನರ್ಸಮ್ಮ ಹೋದ ಮೇಲೆ ಅತ್ತೆ ಒದ್ದೆ ಬಟ್ಟೆ ತಂದು ಗೋಡೆಯನ್ನು ಕೆಳಗಿನಿಂದ ಒರೆಸುತ್ತಾ ಬಂದರು. ನೀರು ಹೋಯಿತು, ಚಕ್ಕೋತ ಹೋಯಿತು, ಮುದ್ದೆ, ಎಳನೀರು, ಅವರೆಕಾಯಿ ಎಲ್ಲ ಕಪ್ಪು ನೀರಾಗಿ ಇಳಿದವು. ಎಲ್ಲಕ್ಕಿಂತ ಮೇಲಿನ ಸಾಲಿಗೆ ಬಂದು ಕೈ ನಿಲ್ಲಿಸಿದರು. ಪರಂಗಿ ಇರಲಿ, ಹಣ್ಣಾದರೂ ಕಾಯಾದರೂ ಬೇಡ, ಯಾರು ಏನಾದರೂ ಅನ್ನಲಿ ಎಂದರು. ಅದರ ಕೆಳಗೆ ಕಡ್ಡಿಪುಡಿ ಎಂದು ಬರೆಯಲು ಹೇಳಿದರು. ದೊಡ್ಡದಾಗಿ ಬರಿ ಎಂದರು. ಬರೆದೆ. ಇನ್ನೂ ದೊಡ್ಡದಾಗಿ ಎಂದರು. ಮೊಳದುದ್ದ ಬರೆದೆ.

ಆಮೇಲೆ ಏಣಿ ಇಟ್ಟು ಅಟ್ಟ ಹತ್ತಿದರು. ನಾಲ್ಕು ಚಕ್ಕೋತ ಕೆಳಗೆ ಬಂದವು. ಅವು ಇದ್ದ ಜಾಗದಲ್ಲಿ ಹಿತ್ತಾಳೆ ಡಬ್ಬಿ ಇಟ್ಟು ಇಳಿದರು. ನೀವು ಹಾಕಿಕೊಳ್ಳುವುದಕ್ಕೇನು ಅತ್ತೆ ಎಂದು ಮೆಲ್ಲಗೆ ಕೇಳಿದೆ. ನಾನು ಎದುರಿಗೆ ಕೂತು ಅಗಿದರೆ ನಿನ್ನ ಬಾಯಲ್ಲಿ ನೀರು ಬರಲ್ವಾ ಎಂದು ಗದರಿಸಿದರು. ಬರುತ್ತಿತ್ತು. ನನಗೂ ಅಭ್ಯಾಸವಾಗಿಹೋಗಿತ್ತಲ್ಲ.

ಚಕ್ಕೋತಗಳ ಸಿಪ್ಪೆ ಬಾಡಿ ಮುದುಕಿಯ ಕೆನ್ನೆಯಂತಾಗಿತ್ತು. ಒಳಗೆ ತೊಳೆಗಳು ಕೆಂಪಗೆ, ರಸ ತುಂಬಿಕೊಂಡು, ಹೊಸದಾಗಿಯೇ ಇದ್ದವು. ಅತ್ತೆ ಕುಡುಗೋಲಿನಿಂದ ಸಿಪ್ಪೆ ಸೀಳಿ, ಒಂದೊಂದು ತೊಳೆಯ ಪೊರೆ ಬಿಡಿಸಿ ಕೊಡುತ್ತಾ ಹೋದರು. ನಾನು ತಲೆ ಎತ್ತದೆ ಒಂದು ಇಡೀ ಹಣ್ಣು ತಿಂದೆ. ಸಂಜೆ ನಿಮ್ಮ ತಾತ ಬಂದು ಸಿಪ್ಪೆಯ ರಾಶಿ ನೋಡಿ, ಗೋಡೆ ನೋಡಿ, ಅಮ್ಮನ ಮುಖ ನೋಡಿ, ಏನೂ ಕೇಳದೆ ಕೈಕಾಲು ತೊಳೆಯಲು ಹೋದರು. ಬುದ್ಧಿವಂತರು.

ಮೂವತ್ತು ವರ್ಷದ ಅಭ್ಯಾಸ ಬಿಡುವುದೆಂದರೆ ಆಟವಲ್ಲ. ಮೊದಲ ಹದಿನೈದು ದಿನ ಅತ್ತೆಯ ಎದುರಿಗೆ ಹೋಗಲು ಕೋಳಿಗಳೂ ಹೆದರುತ್ತಿದ್ದವು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು. ಹುರಿದ ಹುಣಸೆಬೀಜ ಬಾಯಿಗೆ ಹಾಕಿಕೊಂಡು ದಿನವೆಲ್ಲ ಕಟಕಟ ಅನ್ನಿಸುತ್ತಿದ್ದರು. ನಮ್ಮ ಮನೆಯಲ್ಲಿ ಯಾರೋ ಕಲ್ಲು ಅಗಿಯುತ್ತಿದ್ದಾರೆ ಎಂದು ನಿಮ್ಮ ತಾತ ಅಂದದ್ದಕ್ಕೆ ಆ ದಿನ ಅವರಿಗೆ ಮುದ್ದೆಯ ಜೊತೆ ಬರೀ ಉಪ್ಪಿನಕಾಯಿ ಸಿಕ್ಕಿತು. ಬೀದಿಯ ಹೆಂಗಸರು ಡಬ್ಬಿ ಚಾಚಿದರೆ, ಹಲ್ಲುನೋವು ಕಣಮ್ಮ ಎನ್ನುತ್ತಿದ್ದರು. ನಿಜ ಹೇಳಿದರೆ ಅವರೆಲ್ಲ ನಗುತ್ತಾರೆ ಎಂದು ಭಯ. ಆದರೆ ನನಗೆ ಮಾತ್ರ ಇಡೀ ಮುದ್ದೆ, ಅದರ ಮೇಲೆ ಬೆಣ್ಣೆ, ಹಿದುಕಿದ ಬೇಳೆ ಸಾರು. ಸಾಕು ಅಂದರೆ ನರ್ಸಮ್ಮನಿಗೆ ಹೇಳ್ತೀನಿ ನೋಡು ಎಂದು ಹೆದರಿಸುತ್ತಿದ್ದರು.

ಒಂದು ಮಧ್ಯಾಹ್ನ ನಾನು ಮಲಗಿದ್ದೆ. ಏಣಿ ಕಿರುಗುಟ್ಟಿದ ಸದ್ದಿಗೆ ಕಣ್ಣು ಬಿಟ್ಟರೆ, ಅತ್ತೆ ಮೂರನೇ ಮೆಟ್ಟಿಲ ಮೇಲೆ ನಿಂತಿದ್ದಾರೆ. ಒಂದು ಕೈ ಅಟ್ಟದ ಅಂಚಿನಲ್ಲಿ. ನನ್ನನ್ನು ನೋಡಿ ನಾಚಿಕೊಂಡರು. ಅವರು ನಾಚಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

‘ಬಾಗಿಲ ಹಿಂದೆ ಎರಡನೇದು ಏನು ಬರ್ದಿದೀಯೇ? ಓದು.’

ಅವರಿಗೆ ಗೊತ್ತಿಲ್ಲದ್ದೇನಲ್ಲ. ನಾನು ಎದ್ದು ಹೋಗಿ ಬಾಗಿಲು ಸರಿಸಿ, ಸ್ಕೂಲಿನಲ್ಲಿ ಪಾಠ ಓದುವ ಹಾಗೆ ಓದಿದೆ. ನನ್ನ ದನಿ ಅಷ್ಟು ಜೋರಾಗಿ ಆ ಮನೆಯಲ್ಲಿ ಅದುವರೆಗೆ ಕೇಳಿರಲಿಲ್ಲ.

‘ಕಡ್ಡಿಪುಡಿ, ಅತ್ತೆ.’

‘ಹೂಂ’ ಎಂದು ಇಳಿದುಬಂದರು. ಆಮೇಲೆ ಇಬ್ಬರೂ ಹಿತ್ತಲ ಕಲ್ಲಿನ ಮೇಲೆ ಕೂತು ಹುಣಸೆಬೀಜ ಅಗಿದೆವು. ಅಂದಿನಿಂದ ಮಾತಾಡಲು ಶುರುಮಾಡಿದೆವು ಎಂದೇ ಹೇಳಬೇಕು, ಬಾಯಲ್ಲಿ ತುಂಬಿಕೊಳ್ಳಲು ಬೇರೇನೂ ಇರಲಿಲ್ಲವಲ್ಲ.

ಏಳು ತುಂಬಿದ ಮೇಲೆ ಅಪ್ಪ ಬಂದು ನನ್ನನ್ನು ತವರಿಗೆ ಕರೆದುಕೊಂಡು ಹೋದರು. ಹೊರಡುವಾಗ ಅತ್ತೆ ಮಡಿಲಕ್ಕಿ ಕಟ್ಟಿ, ಅಲ್ಲಿ ಯಾರಾದರೂ ಕೊಟ್ಟರೆ ಹಾಕಿಕೊಂಡೀಯ ಎಂದು ಕಿವಿಯಲ್ಲಿ ಹೇಳಿದರು. ನೀವು ಹಾಕಿಕೊಳ್ಳಲ್ಲ ತಾನೇ ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ತವರಿನಲ್ಲಿ ಚಕ್ಕೋತ ತಿನ್ನುವಾಗಲೆಲ್ಲ ಅಟ್ಟದ ಮೇಲಿನ ಡಬ್ಬಿ ನೆನಪಾಗುತ್ತಿತ್ತು. ಈಗ ಅಲ್ಲಿ ಓದಿ ಹೇಳಲು ನಾನಿಲ್ಲ. ತಡೆಯುವವರು ಯಾರು? ನಾನೇ ಎದುರಿಗಿಲ್ಲದ ಮೇಲೆ ಅವರು ಹಾಕಿಕೊಂಡರೂ ಮಗುವಿಗೇನೂ ಆಗುವುದಿಲ್ಲ. ಆದರೂ ಯಾಕೋ ಮನಸ್ಸಿನಲ್ಲಿ ಎರಡೂ ಒಂದೇ ಗಂಟಿಗೆ ಸೇರಿಹೋಗಿದ್ದವು. ಅವರು ಬಿಟ್ಟಿದ್ದರೆ ಮಗು ಉಳಿಯುತ್ತೆ ಅನ್ನುವ ಹಾಗೆ.

ಮಗು ಉಳಿಯಿತು. ದಿನ ತುಂಬಿ, ಬೆಳಗಿನ ಹೊತ್ತು, ದೇವನಹಳ್ಳಿ ಆಸ್ಪತ್ರೆಯಲ್ಲಿ, ದೊಡ್ಡ ದನಿಯಲ್ಲಿ ಅಳುತ್ತಾ ಹುಟ್ಟಿತು. ಅದು ನಿಮ್ಮಪ್ಪ, ದೊಡ್ಡ ಮೊಮ್ಮಗಳೇ. ಕಾಫಿ ಕುಡಿಯದಿದ್ದರೂ ಕಪ್ಪಗೇ ಹುಟ್ಟಿದ.

ಹನ್ನೊಂದನೇ ದಿನಕ್ಕೆ ಅತ್ತೆ ಬಂದರು. ಬಸ್ಸಿನ ಧೂಳು ಮೈಮೇಲಿತ್ತು. ಕೈಕಾಲು ತೊಳೆದು ನೇರ ಕೋಣೆಗೆ ಬಂದು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಕೈಬೆರಳು ಕಾಲ್ಬೆರಳು ಎಲ್ಲ ನೋಡಿದರು. ನಾನು ಕದ್ದು ಅವರ ತುಟಿ ನೋಡುತ್ತಿದ್ದೆ. ಎಲೆಅಡಿಕೆಯ ಕೆಂಪು ಇತ್ತು. ಅದರಲ್ಲಿ ಇನ್ನೇನಿದೆ ಎಂದು ನೋಡಿ ತಿಳಿಯುವುದು ಹೇಗೆ? ಅಷ್ಟರಲ್ಲಿ ಅವರು ಸೊಂಟದ ಚೀಲಕ್ಕೆ ಕೈ ಹಾಕಿ ಅದೇ ಹಿತ್ತಾಳೆ ಡಬ್ಬಿ ತೆಗೆದರು.

ಡಬ್ಬಿ ಫಳಫಳ ಹೊಳೆಯುತ್ತಿತ್ತು. ಅತ್ತೆ ಅದನ್ನು ಮಗುವಿನ ಕಿವಿಯ ಹತ್ತಿರ ಅಲ್ಲಾಡಿಸಿದರು. ಗಿಲಗಿಲ ಅಂದಿತು. ಹುಣಸೆಹಣ್ಣು, ಬೂದಿ ಹಾಕಿ ಮೂರು ದಿನ ತಿಕ್ಕಿ, ಒಳಗೆ ಒಂದಷ್ಟು ಕಾಳು ಹಾಕಿ, ಪಾತ್ರೆಗೆ ಕಲಾಯಿ ಹಾಕುವವನು ಊರಿಗೆ ಬಂದಾಗ ಮುಚ್ಚಳಕ್ಕೆ ಸುತ್ತಲೂ ಬೆಸುಗೆ ಹಾಕಿಸಿದ್ದರಂತೆ. ತಿರುಗಿಸಿ ನೋಡಿದೆ. ಇನ್ನು ಯಾರಿಂದಲೂ ತೆಗೆಯಲು ಆಗುವ ಹಾಗಿರಲಿಲ್ಲ.

ಒಳಗೆ ಏನು ಕಾಳು ಅತ್ತೆ ಎಂದು ಕೇಳಿದೆ.

‘ಹುರುಳಿ. ನಿಂಗೆ ಬೇಡ ಅಂದಿದ್ದು ಕಣೇ. ಇವನಿಗೇನಾಗಲ್ಲ.’

ಆ ಗಿಲಕಿ ಈಗಲೂ ನನ್ನ ಟ್ರಂಕಿನಲ್ಲಿದೆ. ಒಂದು ಕಡೆ ಸ್ವಲ್ಪ ನೆಗ್ಗಿದೆ, ನಿಮ್ಮಪ್ಪ ಹೊಸ್ತಿಲಿಗೆ ಬಡಿದದ್ದು. ಮೊನ್ನೆ ತೆಗೆದು ಅಲ್ಲಾಡಿಸಿ ನೋಡಿದೆ, ಹುರುಳಿ ಹಾಗೇ ಇದೆ. ನಾಲ್ಕು ತಿಂಗಳು ಬಿಟ್ಟು ಬಂದು ತೆಗೆದುಕೊಂಡು ಹೋಗು, ಮಗಳೇ. ಅಲ್ಲಿಯ ತನಕ ಫ್ರಿಜ್ಜಿಗೆ ಅಂಟಿಸಿರುವ ಹಾಳೆಯಲ್ಲಿ ಡಾಕ್ಟರು ಹೇಳಿದ ಹಾಗೆ ಕೇಳು. ನಿನ್ನ ಗಂಡನಿಗೆ ಸಿಗರೇಟಿನ ಅಭ್ಯಾಸ ಇದೆ ಎಂದು ನನಗೆ ಗೊತ್ತು, ಎದುರಿಗೆ ಹೇಳಲು ನಾಚಿಕೆ. ಇದನ್ನು ಅವನಿಗೂ ಓದಿಸು.